ಇಳಿಸಿಡಬಲ್ಲ ಹೆಸರು: ಉಡುಮಲೈಪೇಟೆಯಿಂದ ಕೆಲವು ಗುರುತುಪದ, ಹಾಡುಪದಗಳ ಓದು

(ಆನ್‌ಲೈನ್ ವಿಚಾರ ಸಂಕಿರಣವೊಂದರಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ ಇದು. ಧ್ವನಿಮುದ್ರಣದಿಂದ ಬರೆದುಕೊಳ್ಳುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಸಂವಾದದ ಮುಖ್ಯ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಂಡಿದ್ದೀನಿ. ನಾನು ಉಡುಮಲೈಪೇಟೆಯವಳು. ಹುಟ್ಟಿದಾಗ ನಮ್ಮೂರು ಕೋಯಮತ್ತೂರು ಜಿಲ್ಲೆಯಲ್ಲಿತ್ತು. 2009ರಲ್ಲಿ ತಿರುಪ್ಪೂರು ಜಿಲ್ಲೆ ಆಯ್ತು, ನಮ್ಮನ್ನು ಅದಕ್ಕೆ ಸೇರಿಸಿದರು. ಮನೆ ಅಲ್ಲೇ ಇದೆ, ಬೀದಿ ಅಲ್ಲೇ ಇದೆ, ವಿಳಾಸ ಮಾತ್ರ ಬದಲಾಯಿತು. ಇದೇನು ದೊಡ್ಡ ವಿಷಯ ಅಲ್ಲ. ಆದರೆ 1956ರಲ್ಲಿ ಇದೇ ಕೋಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು ಅನ್ನೋದನ್ನ ನೆನೆಸಿಕೊಳ್ಳಿ. ಕೊಳ್ಳೇಗಾಲದ ನೇಕಾರ ಕೂತಲ್ಲೇ 'ಕನ್ನಡಿಗ' ಆದ. ಉಡುಮಲೈಯ ನೇಕಾರ ಕೂತಲ್ಲೇ 'ಭಾಷಾ ಅಲ್ಪಸಂಖ್ಯಾತ' ಆದ. ಇಬ್ಬರ ಮಗ್ಗದ ಸದ್ದು ಒಂದೇ ಇತ್ತು.

ನಮ್ಮ ಮನೆಮಾತು ಕನ್ನಡ. ನಾನು ಶಾಲೆ ಓದಿದ್ದು ತಮಿಳು ಮಾಧ್ಯಮದಲ್ಲಿ. ಕನ್ನಡ ಲಿಪಿ ಕಲಿತದ್ದು ಹದಿನೇಳು ದಾಟಿದ ಮೇಲೆ. ಅಂದರೆ ಕನ್ನಡ ಸಾಹಿತ್ಯದ ವಿದ್ಯಾರ್ಥಿ ಅನ್ನೋ ಗುರುತು ನನಗೆ ತಡವಾಗಿ ಬಂದದ್ದು. ಇದನ್ನು ಹೇಳೋಕೆ ಕಾರಣ ಇದೆ. ಇವತ್ತು ನಾನು ಮಾತಾಡಬೇಕಾಗಿರೋದು ಗುರುತಿನ ಹೆಸರುಗಳು ಮತ್ತು ಹಾಡು-ವಾದ್ಯಗಳ ಹೆಸರುಗಳು ಕಾಲಕಾಲಕ್ಕೆ ಅರ್ಥ ಬದಲಾಯಿಸೋದರ ಬಗ್ಗೆ. ನಮ್ಮ ಕಡೆ ಇವೆರಡೂ ಒಂದೇ ಹಗ್ಗದ ಎರಡು ಎಳೆ. ವಾದ್ಯದ ಹೆಸರು ಜಾತಿಯ ಹೆಸರಾಗುತ್ತೆ, ನಾಡಿನ ಹೆಸರು ಸಂಗೀತದ ಹೆಸರಾಗುತ್ತೆ, ಸಂಗೀತದ ಹೆಸರು ಮತ್ತೆ ಬೈಗುಳ ಆಗುತ್ತೆ.

ನಮ್ಮ ವಿಮರ್ಶೆ ಇದಕ್ಕೆಲ್ಲ 'ಅಸ್ಮಿತೆ' ಅನ್ನೋ ಪದ ಬಳಸುತ್ತೆ. ಆ ಪದದ್ದೇ ಒಂದು ಕಥೆ. ಪತಂಜಲಿಯ ಯೋಗಸೂತ್ರದಲ್ಲಿ ಅಸ್ಮಿತೆ ಐದು ಕ್ಲೇಶಗಳಲ್ಲಿ ಒಂದು, ಕಳೆದುಕೊಳ್ಳಬೇಕಾದ ಕೊಳೆ. ಇವತ್ತಿನ ಕನ್ನಡದಲ್ಲಿ ಅದು ಉಳಿಸಿಕೊಳ್ಳಬೇಕಾದ ಆಸ್ತಿ. ಹಾಗಾಗಿ ಪದಗಳ ಅರ್ಥ ತಿರುವುಮುರುವು ಆಗೋದು ಬೀದಿಯಲ್ಲಿ ಮಾತ್ರ ಅಂತ ನಾವು ತಿಳಿಯಬೇಕಾಗಿಲ್ಲ. ಸೆಮಿನಾರುಗಳಲ್ಲೂ ಆಗುತ್ತೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಒಂದು ಹೆಸರಿನ ಅರ್ಥ ನಿಜವಾಗಿ ಬದಲಾಯಿತೇ ಅಂತ ನೋಡೋಕೆ ಮೂರು ಪ್ರಶ್ನೆ ಕೇಳಬೇಕು. ಅದನ್ನು ಯಾರು ಇಟ್ಟರು? ಯಾರು ಹೊತ್ತರು? ಬೇಡ ಅನಿಸಿದಾಗ ಯಾರು ಇಳಿಸಿಡಬಲ್ಲರು? ನಮ್ಮ ಸಂಶೋಧನೆ ಮೊದಲನೆಯದನ್ನು ಚೆನ್ನಾಗಿ ಕೇಳಿದೆ, ಎರಡನೆಯದನ್ನು ದಲಿತ-ಬಂಡಾಯದ ನಂತರ ಕೇಳೋಕೆ ಶುರುಮಾಡಿತು. ಮೂರನೆಯದು ಇನ್ನೂ ಬಾಕಿ ಇದೆ.

1. 'ಶುದ್ಧ ಕರ್ನಾಟಕಂ'

ಶಾಲೆಯಲ್ಲಿ ನಾನು ಎರಡು ಜಡೆ ಹಾಕಿ, ಎಣ್ಣೆ ಸವರಿಕೊಂಡು ಹೋದರೆ ಗೆಳತಿಯರು 'ಸುತ್ತ ಕರ್ನಾಟಗಂ' ಅನ್ನೋರು. ನಮ್ಮ ಮನೆಮಾತು ಗೊತ್ತಾಗಿ ರೇಗಿಸ್ತಿದ್ದಾರೆ ಅಂತಲೇ ನಾನು ತುಂಬಾ ದಿನ ಅಂದ್ಕೊಂಡಿದ್ದೆ. ಆಮೇಲೆ ತಿಳೀತು, ಅವರಿಗೆ ನಮ್ಮ ಕನ್ನಡದ ವಿಷಯವೇ ಗೊತ್ತಿರಲಿಲ್ಲ. ತಮಿಳಿನಲ್ಲಿ 'ಕರ್ನಾಟಗಂ' ಅಂದರೆ ಹಳೇ ಕಾಲದ್ದು, ಹೊಸತನ್ನು ಒಪ್ಪದ್ದು ಅನ್ನೋ ಅರ್ಥವೂ ಇದೆ. ತಮಿಳು ನಿಘಂಟುಗಳಲ್ಲಿ ಕನ್ನಡ ನಾಡು, ಕನ್ನಡ ಭಾಷೆ, ಒಂದು ಸಂಗೀತ ಪದ್ಧತಿ, ಹಳೆಯ ಧೋರಣೆ ಎಲ್ಲವೂ ಇದೊಂದೇ ಪದದ ಕೆಳಗೆ ಸಿಗುತ್ತವೆ.

ಒಂದು ಪದ ಹೀಗೆ ನಾಲ್ಕು ಕಡೆ ಹರಿದದ್ದು ಹೇಗೆ? ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿವರೆಗೆ ಅಂತ ಗುರುತಿಸಿತು. ಆ ಲೆಕ್ಕದಲ್ಲಿ ಕಾವೇರಿಯ ದಕ್ಷಿಣಕ್ಕಿರೋ ನಮ್ಮೂರು ಹೊರಗೆ. ಆದರೆ ಹದಿನೆಂಟನೇ ಶತಮಾನಕ್ಕೆ ಬಂದರೆ ಇಂಗ್ಲಿಷರು 'ಕರ್ನಾಟಿಕ್' ಅಂತ ಕರೆದದ್ದು ಆರ್ಕಾಟಿನ ನವಾಬರ ಸೀಮೆಯನ್ನು, ಅಂದರೆ ಬಹುಪಾಲು ತಮಿಳು ನಾಡನ್ನು. ಕರ್ನಾಟಿಕ್ ಯುದ್ಧಗಳು ನಡೆದದ್ದು ಅಲ್ಲಿ. ಇತ್ತ ಮೈಸೂರು ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಂದರೆ ಹೆಸರು ತೆಂಕಣಕ್ಕೆ ಪ್ರವಾಸ ಹೋಗಿ, ಅಲ್ಲಿ ಒಂದು ಸೀಮೆಗೂ ಒಂದು ಸಂಗೀತಕ್ಕೂ ಅಂಟಿಕೊಂಡು, ಬಹಳ ತಡವಾಗಿ ಮನೆಗೆ ಬಂತು. ಕಂಪನಿ ಸರ್ಕಾರದ ಜೊತೆ ಬಂದದ್ದೆಲ್ಲ ಹೊಸತು ಅನಿಸಿದ ಕಾಲದಲ್ಲಿ, ಅದಕ್ಕೆ ಮುಂಚಿನ ದೇಶೀ ರೀತಿನೀತಿ 'ಕರ್ನಾಟಕ' ಅನಿಸಿಕೊಂಡು 'ಹಳೇದು' ಅನ್ನೋ ಅರ್ಥ ಪಡೆದಿರಬೇಕು ಅನ್ನೋದು ನನ್ನ ಓದು.

ಸಂಗೀತದ ಹೆಸರಿಗೂ ಜಗಳ ಆಯಿತು. ತಂಜಾವೂರಿನ ಅಬ್ರಹಾಂ ಪಂಡಿತರ್ 1917ರಲ್ಲಿ 'ಕರುಣಾಮೃತ ಸಾಗರಂ' ಅನ್ನೋ ಬೃಹತ್ ಗ್ರಂಥ ಪ್ರಕಟಿಸಿ, ಈ ಸಂಗೀತದ ಬೇರು ಹಳೆಯ ತಮಿಳು ಇಸೈಯಲ್ಲಿದೆ ಅಂತ ವಾದಿಸಿದರು. 1940ರ ದಶಕದಲ್ಲಿ ತಮಿಳ್ ಇಸೈ ಚಳವಳಿ ಕಛೇರಿಗಳಲ್ಲಿ ತಮಿಳು ಹಾಡು ಹಾಡಿ ಅಂತ ಕೇಳಿತು. ಕೇಳಿದ್ದು ನ್ಯಾಯವೇ. ಸಭೆಯಲ್ಲಿ ಕೂತವರ ಭಾಷೆ ವೇದಿಕೆಯಲ್ಲಿ ತುಕ್ಕಡಗಳ ಮಟ್ಟಕ್ಕೆ ಮಾತ್ರ ಇರೋದು ಯಾಕೆ ಅನ್ನೋ ಪ್ರಶ್ನೆ ಅದು. ಇತ್ತ ಕನ್ನಡದವರು ಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹ ಅಂತ ಹೇಳಿ, ಹೆಸರಲ್ಲೇ ನಮ್ಮ ಹಕ್ಕಿದೆ ಅಂತ ಬೀಗಿದರು. ನಮ್ಮೂರಲ್ಲಿ ಪಾಟ್ಟು ಕ್ಲಾಸಿಗೆ ಹೋಗೋ ಮಕ್ಕಳು ಇವತ್ತಿಗೂ ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಂದ ಶುರು ಮಾಡ್ತಾರೆ. ನಾನೂ ಕೆಲವು ತಿಂಗಳು ಹೋಗಿದ್ದೆ. ಅದು ದಾಸರ ಹೆಸರಿನ ಗೀತೆ, ನಮ್ಮ ಮನೆಯ ಭಾಷೆಯೂ ಅದರೊಳಗಿದೆ ಅಂತ ಯಾರೂ ಹೇಳಲಿಲ್ಲ. ನೋಟುಬುಕ್ಕಿನಲ್ಲಿ ತಮಿಳು ಲಿಪಿಯಲ್ಲಿ ಬರೆದುಕೊಂಡು, ಅರ್ಥವಿಲ್ಲದ ಮಂತ್ರದ ಹಾಗೆ ಹಾಡಿದೆ.

ಇಲ್ಲಿ ನನ್ನ ಮೂರನೇ ಪ್ರಶ್ನೆ ಹಾಕಿ ನೋಡಿದರೆ ಉತ್ತರ ಹಗುರವಾಗಿದೆ. 'ಕರ್ನಾಟಗಂ' ಅಂತ ಕರೆಸಿಕೊಂಡ ನಾನು ಮರುದಿನ ಜಡೆ ಬಿಚ್ಚಿ ಹೋಗಿದ್ದರೆ ಹೆಸರು ಇಳಿದುಹೋಗುತ್ತಿತ್ತು. ಎಲ್ಲ ಹೆಸರೂ ಅಷ್ಟು ಸುಲಭವಾಗಿ ಇಳಿಯಲ್ಲ.

2. ಜೇಡ, ಸೇಡನ್, ದೇವಾಂಗ

ನಮ್ಮವರು ನೇಕಾರರು. ಸರ್ಕಾರಿ ಕಾಗದದಲ್ಲಿ ದೇವಾಂಗ, ಬೀದಿಯಲ್ಲಿ ಚೆಟ್ಟಿಯಾರ್. ಅಜ್ಜಿಯ ಕಾಲದಲ್ಲಿ ಇನ್ನೊಂದು ಹೆಸರಿತ್ತು, ಸೇಡನ್. ಅಜ್ಜಿ ಆ ಪದ ಕೇಳಿದರೆ ಮುಖ ತಿರುಗಿಸ್ತಿದ್ದರು. 'ಅದು ನಮ್ಮನ್ನ ಕೀಳು ಮಾಡಿ ಕೂಗೋದು' ಅನ್ನೋರು.

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ದೇವಾಂಗರ ನಮೂದು ಇದೆ. ತೆಲುಗು ಅಥವಾ ಕನ್ನಡ ಮಾತಾಡುವ ನೇಕಾರರು ಅಂತ ಶುರುವಾಗಿ, ಜಾಡರು ಅಥವಾ ಜಾಡ, ದೇವರ, ಸೇನಿಯನ್, ಸೇಡನ್ ಅನ್ನೋ ಹೆಸರುಗಳ ಪಟ್ಟಿ ಬರುತ್ತೆ. ಕೋಯಮತ್ತೂರಲ್ಲಿ ಇವರನ್ನು 'ಸೆಟ್ಟುಕ್ಕಾರನ್' ಅಂತಾರೆ ಅಂತಲೂ ಹೇಳುತ್ತೆ. ಕುತೂಹಲದ ವಿಷಯ ಏನಂದರೆ 'ಜಾಡ' ಅನ್ನೋದಕ್ಕೆ ಅಲ್ಲಿ ಕೊಟ್ಟ ಅರ್ಥ 'ಮಹಾಪುರುಷರು'. ಕನ್ನಡ ಬಲ್ಲವರಿಗೆ ಗೊತ್ತು, ಜೇಡ ಅಂದರೆ ನೂಲು ನೇಯುವ ಹುಳ, ಜೇಡ ಅಂದರೆ ನೇಕಾರ. ಯಾರೋ ಒಬ್ಬ ನೇಕಾರ ಆ ಅಧಿಕಾರಿಯ ಎದುರು ನಿಂತು, ತನ್ನ ಹೆಸರಿಗೆ ತಾನೇ ಒಂದು ಹೊಸ ಅರ್ಥ ಹೇಳಿದ್ದಾನೆ ಅಂತ ನನಗೆ ಅನಿಸುತ್ತೆ. ದಾಖಲೆ ಮಾಡೋ ಕೈ ಅವನದಲ್ಲ, ಆದರೆ ದಾಖಲೆಯಾಗೋ ಅರ್ಥವನ್ನಾದರೂ ಎತ್ತರಿಸಿಕೊಂಡ. ಅದನ್ನ ಸುಳ್ಳು ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಸ್ನಾತಕೋತ್ತರ ತರಗತಿಯಲ್ಲಿ ಜೇಡರ ದಾಸಿಮಯ್ಯನ ವಚನಗಳನ್ನು ಓದಿದ ದಿನ ನನಗೆ ಒಂಥರಾ ಆಯಿತು. ತಮಿಳಿನಲ್ಲಿ ಪದದ ಮೊದಲಿನ ಜಕಾರ ಸಕಾರವಾಗಿ ಕೇಳೋದು ಸಾಮಾನ್ಯ. ಜೇಡ, ಸೇಡ. ಅಜ್ಜಿ ಮುಖ ತಿರುಗಿಸುತ್ತಿದ್ದ ಪದ ಇಲ್ಲಿ ಕನ್ನಡದ ಮೊದಮೊದಲ ವಚನಕಾರರಲ್ಲಿ ಒಬ್ಬನ ಹೆಸರಿನ ಮುಂದೆ ಕೂತಿತ್ತು. ಆದರೆ ಆ ಹೆಸರೂ ನೆಮ್ಮದಿಯಾಗಿ ಕೂತಿಲ್ಲ. 'ರಾಮನಾಥ' ಅಂಕಿತದ ವಚನಕಾರ ಜೇಡರ ದಾಸಿಮಯ್ಯನೋ ದೇವರ ದಾಸಿಮಯ್ಯನೋ, ಇಬ್ಬರೂ ಒಬ್ಬರೇನೋ ಅನ್ನೋ ಚರ್ಚೆ ನಿಮಗೆ ಗೊತ್ತು. ಇಬ್ಬರೂ ಬೇರೆ ಅಂತ ಎಂ. ಚಿದಾನಂದಮೂರ್ತಿಯವರು ವಾದಿಸಿದರು. ದೇವಾಂಗ ಸಮುದಾಯ ಒಪ್ಪಲಿಲ್ಲ. ಎ.ಕೆ. ರಾಮಾನುಜನ್ 1973ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ದೇವರ ದಾಸಿಮಯ್ಯ ಅಂತಲೇ ಬಳಸಿದರು. ಕರ್ನಾಟಕ ಸರ್ಕಾರ ಜಯಂತಿ ಮಾಡೋದೂ ದೇವರ ದಾಸಿಮಯ್ಯನದೇ.

ಪಾಠನಿರ್ಣಯದ ಪ್ರಶ್ನೆಯನ್ನು ಶಾಸನ ಬಲ್ಲವರಿಗೆ ಬಿಡ್ತೀನಿ. ನನ್ನ ಆಸಕ್ತಿ ಬೇರೆ. 'ದೇವರ' ಅಂದಾಗ ಕಸುಬು ಮರೆಯಾಗುತ್ತೆ, 'ಜೇಡರ' ಅಂದಾಗ ಕಸುಬು ಎದ್ದು ಕಾಣುತ್ತೆ. ಸಂಶೋಧಕರಿಗೆ ಕಸುಬಿನ ಹೆಸರು ಇಷ್ಟ, ಯಾಕೆಂದರೆ ಅದರಲ್ಲಿ ಕಾಯಕದ ಘನತೆ ಕಾಣುತ್ತೆ. ಕಸುಬಿನವರಿಗೆ ದೇವರ ಹೆಸರು ಇಷ್ಟ, ಯಾಕೆಂದರೆ ಕಸುಬಿನ ಹೆಸರಲ್ಲಿ ಬೈಸಿಕೊಂಡ ನೆನಪಿದೆ. ಘನತೆ ಕಂಡವರು ಯಾರೂ ಆ ಹೆಸರಿನಿಂದ ಕೂಗಿಸಿಕೊಂಡವರಲ್ಲ ಅನ್ನೋದನ್ನ ನಮ್ಮ ವಿಮರ್ಶೆ ಗಮನಿಸಬೇಕಿತ್ತು.

ದಾಸಿಮಯ್ಯನೇ ಹೆಸರಿಡೋದರ ಬಗ್ಗೆ ಒಂದು ವಚನ ಬರೆದಿದ್ದಾನೆ. ದೇಹದಲ್ಲಿ ಒಂದು ಲಕ್ಷಣ ಕಂಡರೆ ಹೆಣ್ಣೆಂದು, ಇನ್ನೊಂದು ಲಕ್ಷಣ ಕಂಡರೆ ಗಂಡೆಂದು ಕರೆಯುತ್ತಾರೆ, ನಡುವೆ ಇರೋ ಆತ್ಮ ಎರಡೂ ಅಲ್ಲ ಅನ್ನೋ ಆಶಯದ್ದು. ಅದನ್ನ ನಾವು ಸ್ತ್ರೀ ಸಮಾನತೆಯ ವಚನ ಅಂತ ಪಾಠ ಮಾಡ್ತೀವಿ. ಅದು ಹೆಸರಿಡುವವರ ಕಣ್ಣಿನ ಮೇಲಿನ ವಚನವೂ ಹೌದು. ತನ್ನ ಹೆಸರಿಗೇ ಇಷ್ಟು ಜಗಳ ಆಗುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು ಹೇಳಿ ಮುಂದಕ್ಕೆ ಹೋಗ್ತೀನಿ. ನಮ್ಮ ರಾಮಲಿಂಗ ಚೌಡೇಶ್ವರಿಯ ಹಬ್ಬದಲ್ಲಿ ಅಲಗು ಸೇವೆ ನಡೆಯುತ್ತೆ. ಗಂಡಸರು ಕತ್ತಿ ಹಿಡಿದು, ಎದೆ-ತೋಳಿಗೆ ತಾಗಿಸಿಕೊಂಡು ಅಮ್ಮನನ್ನು ಕರೀತಾ ಬರ್ತಾರೆ. ಆಗ ಅವರ ಹೆಸರು ವೀರಕುಮಾರರು. ಸೋಮವಾರ ಬೆಳಿಗ್ಗೆ ಅವರೇ ಮಿಲ್ಲಿನ ಪಾಳಿಗೆ ಹೋಗ್ತಾರೆ. ಕೂಗೋ ಮಾತಿನಲ್ಲಿ 'ತೀಸುಕೋ' ಅಂತ ಬರುತ್ತೆ, ತೆಗೆದುಕೋ ತಾಯಿ ಅನ್ನೋ ಅರ್ಥದ ತೆಲುಗು. ಮನೆಮಾತು ಕನ್ನಡ, ಊರಮಾತು ತಮಿಳು, ದೇವರ ಎದುರಿನ ಮಾತು ತೆಲುಗು. 'ಕನ್ನಡ ಅಸ್ಮಿತೆ' ಅನ್ನೋ ಪದವನ್ನು ಈ ಮೆರವಣಿಗೆಯ ಮೇಲೆ ಹೊದಿಸೋಕೆ ಹೋದರೆ ಎಲ್ಲಾ ಕಡೆ ಗಿಡ್ಡ ಆಗುತ್ತೆ.

3. ಪರೈ

ಈಗ ಕಷ್ಟದ ಪದಕ್ಕೆ ಬರ್ತೀನಿ.

2016ರ ಮಾರ್ಚ್ 13, ಭಾನುವಾರ. ನಾನು ಹತ್ತನೇ ತರಗತಿ ಪರೀಕ್ಷೆಗೆ ಓದುತ್ತಿದ್ದೆ. ನಮ್ಮೂರ ಬಸ್ ನಿಲ್ದಾಣದ ಹತ್ತಿರ, ಹಾಡಹಗಲು, ಶಂಕರ್ ಅನ್ನೋ ದಲಿತ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕಡಿದು ಕೊಂದರು. ಬೇರೆ ಜಾತಿಯ ಕೌಸಲ್ಯಾ ಅವರನ್ನು ಮದುವೆಯಾಗಿದ್ದು ಕಾರಣ. ಕೌಸಲ್ಯಾ ಗಾಯಗೊಂಡು ಬದುಕಿದರು. ಸಿಸಿಟಿವಿ ದೃಶ್ಯವನ್ನು ಇಡೀ ದೇಶ ನೋಡಿತು. ಅವತ್ತಿನಿಂದ ನಮ್ಮೂರ ಹೆಸರೇ ಒಂದು ಗುರುತುಪದ ಆಯಿತು. ಅದುವರೆಗೆ ಉಡುಮಲೈ ಅಂದರೆ ಚಿತ್ರಗೀತೆ ಬರೆದ ಉಡುಮಲೈ ನಾರಾಯಣ ಕವಿ, ಪಗುತ್ತರಿವು ಕವಿರಾಯರ್, ಅಂದರೆ ವಿಚಾರವಾದಿ ಕವಿ ಅಂತ ಹೆಸರಾದವರು. ಆಮೇಲೆ ಉಡುಮಲೈ ಅಂದರೆ ಆ ಕೊಲೆ. ಕಾಲೇಜಿಗೆ ಸೇರಿದಾಗ ಊರ ಹೆಸರು ಹೇಳಿದರೆ ಎದುರಿಗಿರೋರು ಒಂದು ಕ್ಷಣ ಸುಮ್ಮನಾಗೋರು.

ಕೌಸಲ್ಯಾ ಮುಂದೆ ಜಾತಿ ವಿರೋಧಿ ಹೋರಾಟಕ್ಕೆ ಬಂದರು, ಪರೈ ಬಾರಿಸೋದನ್ನು ಕಲಿತರು. ಆ ಸುದ್ದಿ ಓದಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಬೇರೆ ಏನೋ ಮಾತಾಡೋಕೆ ಶುರುಮಾಡಿದರು. ಯಾಕೆ ಅಂತ ನಿಮಗೆ ಅರ್ಥ ಆಗುತ್ತೆ.

ಪರೈ ಅಂದರೆ ಬೇವಿನ ಮರದ ಬಳೆಗೆ ದನದ ಚರ್ಮ ಬಿಗಿದ ವಾದ್ಯ. ಒಂದು ಕೈಯಲ್ಲಿ ಉದ್ದದ ತೆಳ್ಳನೆ ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ದಪ್ಪ ಕಡ್ಡಿ. ಬಾರಿಸೋಕೆ ಮುಂಚೆ ಬೆಂಕಿಗೆ ಹಿಡಿದು ಕಾಯಿಸ್ತಾರೆ. ತಮಿಳಿನಲ್ಲಿ ಪರೈ ಅಂದರೆ ಹೇಳು, ಸಾರು ಅನ್ನೋ ಅರ್ಥವೂ ಇದೆ. ತೊಲ್ಕಾಪ್ಪಿಯಂ ಪ್ರತಿಯೊಂದು ತಿಣೈಗೂ ಸೇರಿದ ಕರುಪ್ಪೊರುಳ್‌ಗಳನ್ನು ಎಣಿಸುವಾಗ ಪರೈಯನ್ನೂ ಎಣಿಸುತ್ತೆ. ಅಂದರೆ ಬೆಟ್ಟಕ್ಕೊಂದು, ಕಾಡಿಗೊಂದು, ಗದ್ದೆಗೊಂದು ಪರೈ ಇತ್ತು. ಆಂಡಾಳ್ ತನ್ನ ತಿರುಪ್ಪಾವೈಯಲ್ಲಿ ಕೃಷ್ಣನ ಹತ್ತಿರ ಕೇಳೋದೂ ಪರೈಯನ್ನೇ. ಮಾರ್ಗಳಿ ತಿಂಗಳ ಚಳಿಯಲ್ಲಿ ವೈಷ್ಣವ ದೇವಸ್ಥಾನಗಳಲ್ಲಿ ಆ ಪದ ಮಡಿಯಲ್ಲಿ ಉಚ್ಚಾರ ಆಗುತ್ತೆ. ಅದೇ ಪದದಿಂದ ಒಂದು ಜಾತಿಯ ಹೆಸರು ಬಂತು. ಆ ಜಾತಿಯ ಹೆಸರು ಇಂಗ್ಲಿಷಿಗೆ ಹೋಗಿ 'ಪರಯ' ಆಗಿ, ಜಗತ್ತಿನ ಯಾವುದೇ ಬಹಿಷ್ಕೃತನಿಗೆ ಬಳಸೋ ನಾಮಪದ ಆಯಿತು. ಇಂಗ್ಲಿಷಿನವರಿಗೆ ಅದು ಒಂದು ವಾದ್ಯದ ಹೆಸರು ಅಂತ ನೆನಪಿಲ್ಲ.

ಹೆಸರು ಇಳಿಸೋ ಪ್ರಯತ್ನಗಳು ಬಹಳ ನಡೆದವು. ಎಂ.ಸಿ. ರಾಜಾ ಅವರ ಒತ್ತಾಯದ ಮೇಲೆ 1922ರಲ್ಲಿ ಮದ್ರಾಸ್ ಸರ್ಕಾರ 'ಆದಿ ದ್ರಾವಿಡ' ಅನ್ನೋದನ್ನು ಒಪ್ಪಿತು. ಮೈಸೂರಿನಲ್ಲಿ 'ಆದಿ ಕರ್ನಾಟಕ' ಬಂತು. ಗಾಂಧಿ 'ಹರಿಜನ' ಅಂದರು, ಅಂಬೇಡ್ಕರ್ ಅದನ್ನ ಒಪ್ಪಲಿಲ್ಲ. ನಮ್ಮ ಕೊಂಗು ಸೀಮೆಗೂ ಸಂಬಂಧಪಟ್ಟ ಹಾಗೆ, ಏಳು ಜಾತಿ ಹೆಸರುಗಳನ್ನು 'ದೇವೇಂದ್ರಕುಲ ವೇಳಾಲರ್' ಅನ್ನೋ ಒಂದೇ ಹೆಸರಿನ ಕೆಳಗೆ ತರೋ ಕಾನೂನು 2021ರಲ್ಲಿ ಸಂಸತ್ತಿನಲ್ಲಿ ಆಯಿತು. ಹೆಸರು ಬದಲಾಯಿಸೋಕೆ ಸಂಸತ್ತೇ ಸೇರಬೇಕಾಯಿತು ಅನ್ನೋದು, ಕೆಲವರ ಹೆಸರು ಎಷ್ಟು ಭಾರ ಅನ್ನೋದರ ಲೆಕ್ಕ.

ವಾದ್ಯದ ವಿಷಯದಲ್ಲಿ ಎರಡು ದಾರಿ ಆಯಿತು. ಸಾವಿನ ಮನೆ ಮುಂದೆ ಪರೈ ಬಾರಿಸೋದನ್ನು ನಿಲ್ಲಿಸಿ, ಅದು ಬಿಟ್ಟಿ ಚಾಕರಿ ಅಂತ ಹೇಳಿದ ದಲಿತರಿದ್ದಾರೆ. ಇಲ್ಲ, ಇದು ನಮ್ಮ ಕಲೆ, ಇದನ್ನು ಎತ್ತಿ ಹಿಡೀಬೇಕು ಅಂದವರೂ ಇದ್ದಾರೆ. ಪಕ್ಕದ ದಿಂಡಿಗಲ್ಲಿನ ಶಕ್ತಿ ಕಲಾತಂಡ ದಲಿತ ಹೆಣ್ಣುಮಕ್ಕಳ ಕೈಗೆ ಪರೈ ಕೊಟ್ಟಿತು. ಜೋಯಿ ಶೆರಿನಿಯನ್ 2011ರಲ್ಲಿ ಪರೈ ಕಲಾವಿದರ ಬಗ್ಗೆ ತೆಗೆದ ಸಾಕ್ಷ್ಯಚಿತ್ರದ ಹೆಸರಿನ ಕನ್ನಡ ಅರ್ಥ 'ಇದೊಂದು ಸಂಗೀತ'. ಇಷ್ಟು ಸಾದಾ ಮಾತನ್ನು ಶೀರ್ಷಿಕೆ ಮಾಡಬೇಕಾಯಿತು ಅನ್ನೋದರಲ್ಲೇ ಎಲ್ಲ ಇದೆ. ವೀಣೆಯ ಬಗ್ಗೆ ಯಾರೂ ಹಾಗೆ ಹೇಳಬೇಕಾಗಿ ಬಂದಿಲ್ಲ. ಚೆನ್ನೈಯ ಗಾನಾ ಹಾಡಿನದೂ ಹೀಗೇ. ಸಾವಿನ ಮನೆಯ ಹಾಡು, ಗುಡಿಸಲು ಕೇರಿಯ ಹಾಡು ಅಂತ ಮೂಗು ಮುರಿದದ್ದು, 2018ರ ಜನವರಿಯಲ್ಲಿ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ವೇದಿಕೆ ಹತ್ತಿದಾಗ ರ‍್ಯಾಪ್ ಮತ್ತು ರಾಕ್ ಜೊತೆ ನಿಂತಿತು. ತಂಡದ ಹೆಸರು ಅಯೋತಿದಾಸ ಪಂಡಿತರ 'ಜಾತಿಯಿಲ್ಲದ ತಮಿಳರು' ಅನ್ನೋ ಪದದಿಂದ ಬಂದದ್ದು.

ಪದವಿ ಓದುವಾಗ ನಾನೂ ಒಂದು ಪರೈ ಶಿಬಿರಕ್ಕೆ ಹೋದೆ. ಮನೆಯಲ್ಲಿ ಹೇಳಲಿಲ್ಲ. ಎರಡು ದಿನಕ್ಕೆ ಕೈ ಊದಿತ್ತು, ಖುಷಿಯೂ ಆಗಿತ್ತು. ಫೋಟೋ ತೆಗೆದು ಹಾಕಿದೆ. ಜನ ಮೆಚ್ಚಿದರು. ಶಿಬಿರದಲ್ಲಿ ಕಲಿಸಿಕೊಟ್ಟ ಹಿರಿಯರು ಕೊನೇ ದಿನ ಬೆಂಕಿ ಹತ್ತಿರ ಕೂತು ತಮಿಳಿನಲ್ಲಿ ಒಂದು ಮಾತು ಹೇಳಿದರು. ಕನ್ನಡದಲ್ಲಿ ಹೇಳೋದಾದರೆ: 'ಚೆನ್ನಾಗಿ ಬಾರಿಸ್ತೀಯಮ್ಮಾ. ಆದರೆ ನೋಡು, ನೀನು ಎತ್ತಿಕೊಂಡರೆ ಕಲಾವಿದೆ, ಕೆಳಗಿಟ್ಟರೆ ಚೆಟ್ಟಿಯಾರ್ ಮನೆ ಹುಡುಗಿ. ನಾನು ಎತ್ತಿಕೊಂಡರೂ ಅದೇ, ಕೆಳಗಿಟ್ಟರೂ ಅದೇ.'

ಅವರು ಕೋಪದಲ್ಲಿ ಹೇಳಲಿಲ್ಲ. ಮಾರನೇ ದಿನದ ಬಸ್ಸಿನ ಸಮಯ ಹೇಳೋ ಧ್ವನಿಯಲ್ಲೇ ಹೇಳಿದರು. ಈ ಪ್ರಬಂಧದ ಮೂರನೇ ಪ್ರಶ್ನೆ ನನ್ನದಲ್ಲ, ಅವರದು.

4. ತಮಟೆ ಮತ್ತು ಹೊಲೆಮಾದಿಗರ ಹಾಡು

ಆ ಮಾತು ತಲೆಯಲ್ಲಿಟ್ಟುಕೊಂಡು ಕನ್ನಡಕ್ಕೆ ಬಂದರೆ, 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬೇರೆ ಥರ ಓದಿಸಿಕೊಳ್ಳುತ್ತೆ. ನಾವು ಸಾಮಾನ್ಯವಾಗಿ ಒಳಗಿನ ಪದ್ಯಗಳನ್ನು ಚರ್ಚಿಸ್ತೀವಿ. ನಾನು ಶೀರ್ಷಿಕೆಯ ಮೇಲೆ ನಿಲ್ಲಬೇಕು ಅಂತೀನಿ. 'ಹರಿಜನ' ಅನ್ನೋ ಸರ್ಕಾರಿ ಪದ ಚಲಾವಣೆಯಲ್ಲಿದ್ದಾಗ, 'ದಲಿತ' ಅನ್ನೋ ಸಂಘಟನೆಯ ಪದ ಬೇರೂರುತ್ತಿದ್ದಾಗ, ಕವಿ ಎರಡನ್ನೂ ಬಿಟ್ಟು ಬೀದಿಯಲ್ಲಿ ಕೂಗೋ ಹೆಸರನ್ನೇ ಪುಸ್ತಕದ ಮುಖಪುಟಕ್ಕೆ ತಂದರು. ಅದರ ಪಕ್ಕ 'ಹಾಡು' ಅನ್ನೋ ಪದ ಇಟ್ಟರು. ಕಾವ್ಯ ಅನ್ನಲಿಲ್ಲ, ಕವನಗಳು ಅನ್ನಲಿಲ್ಲ. ಗುರುತಿನ ಪದ, ಹಾಡಿನ ಪದ ಎರಡನ್ನೂ ಒಟ್ಟಿಗೇ ಮೇಲೆತ್ತಿದ್ದು ಇಲ್ಲಿ. ಆ ಹಾಡುಗಳು ಮೆರವಣಿಗೆಯಲ್ಲಿ ತಮಟೆಯ ಜೊತೆ ಹಾಡಿಸಿಕೊಂಡವು. ಅಲ್ಲಿಂದ 'ಹೋರಾಟದ ಹಾಡು' ಅನ್ನೋ ಹೊಸ ವರ್ಗವೇ ಕನ್ನಡದಲ್ಲಿ ಹುಟ್ಟಿತು.

ಆದರೆ ಮೇಲೆತ್ತೋದಕ್ಕೂ ಇಳಿಸೋದಕ್ಕೂ ವ್ಯತ್ಯಾಸ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂತು. ಸಂತೋಷದ ವಿಷಯ. ತಮಟೆ ಬಾರಿಸೋನು 'ತಮಟೆ ಕಲಾವಿದ' ಆಗಿದ್ದು ಒಂದು ಪದದ ದೊಡ್ಡ ಪ್ರಯಾಣ. ಹಳ್ಳಿಯಲ್ಲಿ ಹಬ್ಬಕ್ಕೆ ತಮಟೆ ಬಾರಿಸಲ್ಲ ಅಂದ ಹುಡುಗನಿಗೆ ಏನಾಗುತ್ತೆ ಅನ್ನೋದು ಆ ಪ್ರಯಾಣದ ನಿಜವಾದ ಅಳತೆ. ಪದ್ಮಶ್ರೀ ಬಂದ ವಾದ್ಯವನ್ನೇ ಬೇಡ ಅನ್ನೋ ಸ್ವಾತಂತ್ರ್ಯ ಆ ಹುಡುಗನಿಗೂ ಬಂದ ದಿನ ತಮಟೆ ಬರೀ ಸಂಗೀತ ಆಗುತ್ತೆ.

5. ಗರತಿಯಿಂದ 'ಜಾನಪದ ಸಾಂಗ್'ವರೆಗೆ

ಇನ್ನು ಸ್ವಲ್ಪ ಹಗುರ ಪದಗಳು. 1931ರಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ಸಂಕಲನ ತಂದರು. ಬೀಸೋಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ತ್ರಿಪದಿಗಳು ಅದರಿಂದ ಉಳಿದವು, ಆ ಋಣ ದೊಡ್ಡದು. ಆದರೂ 'ಗರತಿ' ಅನ್ನೋದು ಹಾಡಿದವಳು ಇಟ್ಟುಕೊಂಡ ಹೆಸರಲ್ಲ. ಅವಳು ಹೆಂಡತಿಯಾಗಿ ಹಾಡಿದಳು, ದಣಿದವಳಾಗಿ ಹಾಡಿದಳು, ತವರು ನೆನೆಸಿ ಅತ್ತಳು, ಅತ್ತೆಯನ್ನು ಬೈದಳು. ಸಂಗ್ರಹಕಾರರ ಕಾಲಕ್ಕೆ ಅವಳನ್ನು ಓದುಗರ ಮುಂದೆ ಮರ್ಯಾದೆಯಿಂದ ನಿಲ್ಲಿಸೋಕೆ 'ಗರತಿ' ಅನ್ನೋ ಸೆರಗು ಬೇಕಿತ್ತು.

ಆಮೇಲೆ 'ಜಾನಪದ' ಅನ್ನೋ ಪದ ವಿಶ್ವವಿದ್ಯಾನಿಲಯಗಳಲ್ಲಿ ನೆಲೆ ನಿಂತಿತು. ಜೀ.ಶಂ. ಪರಮಶಿವಯ್ಯ ಅಂಥವರು ಅದನ್ನ ಶಿಸ್ತು ಮಾಡಿದರು, 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಅದಕ್ಕೇ ಒಂದು ವಿಶ್ವವಿದ್ಯಾನಿಲಯ ಆಯಿತು. ಕರ್ತೃ ಗೊತ್ತಿಲ್ಲದ್ದು, ಬಾಯಿಂದ ಬಾಯಿಗೆ ಬಂದದ್ದು ಜಾನಪದ ಅಂತ ನಾವು ಪರೀಕ್ಷೆಗೆ ಬರೀತೀವಿ. ಈಗ ಯೂಟ್ಯೂಬಿನಲ್ಲಿ 'ಜಾನಪದ ಸಾಂಗ್' ಅಂತ ಹುಡುಕಿ ನೋಡಿ. ಉತ್ತರ ಕರ್ನಾಟಕದ ಹುಡುಗರು ಬರೆದು, ಕೀಬೋರ್ಡು ಹಾಕಿಸಿ, ಟ್ರ್ಯಾಕ್ಟರಿನ ಮೇಲೆ ಚಿತ್ರೀಕರಿಸಿದ ಪ್ರೀತಿಯ ಹಾಡುಗಳು ಬರುತ್ತವೆ. ಬರೆದವನ ಹೆಸರು, ಹಾಡಿದವನ ಹೆಸರು, ಫೋನ್ ನಂಬರ್ ಎಲ್ಲಾ ಪರದೆ ಮೇಲಿರುತ್ತೆ. ಇದು ಜಾನಪದವೇ ಅಲ್ಲ ಅಂತ ನಮ್ಮ ಮೇಷ್ಟ್ರುಗಳು ಬೇಜಾರು ಮಾಡ್ಕೋತಾರೆ. ಅವುಗಳಲ್ಲಿ ಬಹಳಷ್ಟು ಹಾಡು ನನಗೂ ಇಷ್ಟ ಇಲ್ಲ, ಹುಡುಗಿಯರ ಬಗ್ಗೆ ಅವು ಮಾತಾಡೋ ರೀತಿ ಸಹಿಸೋಕಾಗಲ್ಲ. ಆದರೆ ಪದ ಬಳಸೋ ಹಕ್ಕಿನ ಮಾತು ಬೇರೆ. ಆ ಹುಡುಗರಿಗೆ 'ಜಾನಪದ' ಅಂದರೆ ನಮ್ಮ ಸೀಮೆಯ ಮಾತಲ್ಲಿರೋ ಹಾಡು, ಅಷ್ಟೇ. ಹೆಸರಿಲ್ಲದಿರೋದೇ ಅವರ ಅರ್ಹತೆ ಅಂತ ನಾವು ನಿಯಮ ಮಾಡಿದ್ದೆವು, ಅವರು ಹೆಸರು ಹಾಕಿಕೊಂಡರು.

ಶಿಶುನಾಳ ಶರೀಫರ ಹಾಡುಗಳನ್ನು ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ತತ್ವಪದ. ಸಿ. ಅಶ್ವತ್ಥರ ಕಂಠದಲ್ಲಿ, 1990ರ ನಾಗಾಭರಣರ ಚಿತ್ರದ ನಂತರ, ಸುಗಮ ಸಂಗೀತ. 2008ರ ಹೊತ್ತಿಗೆ ರಘು ದೀಕ್ಷಿತ್ ಗಿಟಾರ್ ಹಿಡ್ಕೊಂಡು ಹಾಡಿದಾಗ ಫೋಕ್ ರಾಕ್. ಸಾಹಿತ್ಯ ಒಂದೇ. ತತ್ವಪದ ಅಂದಾಗ ಗುರು ಬೇಕಿತ್ತು, ಸುಗಮ ಸಂಗೀತ ಅಂದಾಗ ಸಭಾಂಗಣ ಬೇಕಿತ್ತು, ಫೋಕ್ ರಾಕ್ ಅಂದಾಗ ಟಿಕೆಟ್ ಬೇಕಾಯಿತು. ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಮುಸ್ಲಿಮ್ ಶರೀಫರು ತಮ್ಮ ಗುರುತಿನ ಹೆಸರುಗಳನ್ನು ಅಷ್ಟು ಸಲೀಸಾಗಿ ದಾಟಿದವರು, ಹಾಗಾಗಿ ಅವರ ಹಾಡಿಗೆ ಈ ಹೆಸರುಗಳೂ ಭಾರ ಅನಿಸಲಿಲ್ಲ.

ಒಟ್ಟಾರೆ ಹೇಳೋದಾದರೆ: ಅರ್ಥ ಬದಲಾದ ಪದಗಳ ಪಟ್ಟಿ ಮಾಡೋದು ಭಾಷಾಶಾಸ್ತ್ರ. ಆ ಬದಲಾವಣೆ ಯಾರಿಗೆ ಬಿಡುಗಡೆ ಕೊಟ್ಟಿತು, ಯಾರಿಗೆ ಬರೀ ಅಲಂಕಾರ ಕೊಟ್ಟಿತು ಅಂತ ಕೇಳೋದು ವಿಮರ್ಶೆ. ಕರ್ನಾಟಗಂ ಅನ್ನೋದನ್ನು ನಾನು ಇಳಿಸಿದೆ. ಸೇಡನ್ ಅನ್ನೋದನ್ನು ನಮ್ಮಜ್ಜಿಯ ತಲೆಮಾರು ಕಷ್ಟಪಟ್ಟು ಇಳಿಸಿತು. ಪರೈಯನ್ನು ಎತ್ತಿಕೊಳ್ಳೋಕೆ ಈಗ ಎಲ್ಲರಿಗೂ ಆಗುತ್ತೆ, ಇಳಿಸೋಕೆ ಅದನ್ನು ಹೊತ್ತವರಿಗೇ ಆಗುತ್ತಿಲ್ಲ. ಇಷ್ಟು ಹೇಳಿ ನಿಲ್ಲಿಸ್ತೀನಿ.

ಸಂವಾದದಿಂದ

ಪ್ರಶ್ನೆ: ಹಾಗಾದರೆ ಬೇರೆಯವರು ಪರೈ ಕಲೀಬಾರದು ಅಂತಲಾ ನಿಮ್ಮ ಅಭಿಪ್ರಾಯ?

ಇಲ್ಲ ಸರ್. ಕಲೀಬೇಕು. ಶಿಬಿರದ ಆ ಹಿರಿಯರೂ ಕಲೀಬೇಡ ಅನ್ನಲಿಲ್ಲ, ಚೆನ್ನಾಗಿ ಬಾರಿಸ್ತೀಯ ಅಂದರು. ಕಲಿತ ಮೇಲೆ 'ಈಗ ಪರೈಗೆ ಗೌರವ ಬಂತು, ಸಮಸ್ಯೆ ಮುಗೀತು' ಅಂತ ಹೇಳಬಾರದು ಅಷ್ಟೇ. ನಾನು ಫೋಟೋ ಹಾಕಿದಾಗ ನನ್ನ ಮನಸ್ಸಲ್ಲಿ ಇದ್ದದ್ದು ಅದೇ ಮಾತು. ಆಮೇಲೆ ಆ ಫೋಟೋ ತೆಗೆದೆ. ತೆಗೆದದ್ದು ಸರಿಯೋ ಅಂತ ಇವತ್ತಿಗೂ ನನಗೆ ಜಗಳ ಇದೆ, ಯಾಕೆಂದರೆ ತೆಗೆಯೋದೂ ಒಂದು ಸವಲತ್ತೇ.

ಪ್ರಶ್ನೆ: ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ, ನೀವು ಬರೆಯುವಾಗ ಯಾವುದನ್ನ ಬಳಸ್ತೀರಿ?

ಬರೆಯುವಾಗ ಜೇಡರ ಅಂತ ಬರೀತೀನಿ ಮೇಡಂ. ನಮ್ಮಜ್ಜಿ ಇದ್ದಿದ್ದರೆ ಅವರ ಮುಂದೆ ದೇವರ ಅಂತಲೇ ಹೇಳ್ತಿದ್ದೆ. ಇದನ್ನ ದ್ವಂದ್ವ ಅಂತ ನೀವು ಹೇಳಬಹುದು. ಆದರೆ ನನಗೆ ಲಿಪಿ ಗೊತ್ತು, ಡಿಗ್ರಿ ಇದೆ, ಕಸುಬಿನ ಹೆಸರನ್ನು ಹೆಮ್ಮೆಯಿಂದ ಹೇಳೋಕೆ ಧೈರ್ಯ ಇದೆ. ಅವರಿಗೆ ಆ ಧೈರ್ಯ ಕೊಡೋ ಯಾವುದೂ ಇರಲಿಲ್ಲ.

ಪ್ರಶ್ನೆ: ನಿಮ್ಮನ್ನ ನೀವು ಏನಂತ ಕರ್ಕೋತೀರಿ? ತಮಿಳು ಕನ್ನಡಿಗಳಾ?

ಮೈಸೂರಲ್ಲಿ ಆಟೋದವರು 'ತಮಿಳಾ?' ಅಂತಾರೆ, ಊರಲ್ಲಿ ಮನೆಗೆ ಬಂದೋರು 'ವೀಟ್ಲ ಕನ್ನಡಮಾ?' ಅಂತ ಕೇಳ್ತಾರೆ. ಎರಡಕ್ಕೂ ಹೌದು ಅಂತೀನಿ. ಯಾರಿಗೂ ನನ್ನನ್ನು ಆ ಉತ್ತರಕ್ಕೆ ಕಟ್ಟಿಹಾಕೋಕೆ ಆಗಲ್ಲ, ಬಸ್ ಹತ್ತಿದರೆ ಇನ್ನೊಂದು ಊರು, ಇನ್ನೊಂದು ಹೆಸರು. ನಮ್ಮೂರ ಬಸ್ ನಿಲ್ದಾಣದಲ್ಲಿ ಇಳಿದಾಗೆಲ್ಲ ಒಂದು ವಿಷಯ ನೆನಪಾಗುತ್ತೆ. ಶಂಕರ್ ಎಂಜಿನಿಯರಿಂಗ್ ವಿದ್ಯಾರ್ಥಿ ಆಗಿದ್ದ, ಗಂಡ ಆಗಿದ್ದ, ಯಾರದೋ ಮಗ ಆಗಿದ್ದ. ಕೊಂದವರಿಗೆ ಅವನ ಒಂದೇ ಒಂದು ಹೆಸರು ಕಂಡಿತು.